ಉಸಿರುಗಾವಲಿಗೆ ಏಳು ದಿನ

"ನಮ್ಮಕ್ಕನ ಪದ ಅಳಿಸೋಕೆ ನೀವ್ಯಾರ್ರೀ?"

ಗ್ರಂಥಾಲಯದಲ್ಲಿದ್ದವರೆಲ್ಲ ತಲೆಯೆತ್ತಿದರು. ಸಮವಸ್ತ್ರದಲ್ಲೇ ಓಡಿ ಬಂದಿದ್ದ ನರ್ಸ್ ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದಳು. ಎದುರಿಗೆ ಕೂತಿದ್ದವನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಬಿಡುವಿನಲ್ಲಿ, ಇದೇ ಗ್ರಂಥಾಲಯದಲ್ಲಿ ಕೂತು, ಆನ್‌ಲೈನ್ ವಿಶ್ವಕೋಶದ ಸಂಪಾದಕ; ಹಾಗೆಂದು ತನ್ನ ಪರಿಚಯದ ಪುಟದಲ್ಲೇ ಬರೆದುಕೊಂಡಿದ್ದ. ಅವಳು ಬರೆದ ಪುಟವನ್ನು ಅಳಿಸಬೇಕೆಂದು ಚರ್ಚೆಗೆ ಹಾಕಿದ ಪುಣ್ಯಾತ್ಮ ಅವನೇ!

"ಹೊಸ ಪದ ಮೇಡಂ. ನಿಮ್ಮ ವಾರ್ಡಿನ ಹೊರಗಿನವರು ಯಾರಾದ್ರೂ ಇದರ ಬಗ್ಗೆ ಬರೆದಿದ್ದಾರಾ? ಪುಸ್ತಕ, ಪತ್ರಿಕೆ..."

"ಸಾಯೋರ ಪಕ್ಕ ಕೂತೋರು ಪುಸ್ತಕ ಬರೀತಾರೇನ್ರೀ?"

ದಿಕ್ಕಿಲ್ಲದ ರೋಗಿಯ ಕೊನೆಯ ಗಳಿಗೆಯಲ್ಲಿ ಕೈ ಹಿಡಿದು ಕೂರುವುದಕ್ಕೆ 'ಉಸಿರುಗಾವಲು' ಎಂದು ಹೆಸರಿಟ್ಟವಳು ಅವಳ ಅಕ್ಕ, ಅದೇ ವಾರ್ಡಿನ ನರ್ಸ್. ಹೋದ ವರ್ಷ ರಸ್ತೆ ಅಪಘಾತದಲ್ಲಿ ಅಕ್ಕ ತೀರಿಕೊಂಡಾಗ ಅವಳ ಪಕ್ಕ ಯಾರೂ ಇರಲಿಲ್ಲ. ಅವಳ ಪದವಾದರೂ ಉಳಿಯಲಿ ಎಂಬುದೊಂದೇ ತಂಗಿಯ ಹಟ.

ಚರ್ಚೆಗೆ ಏಳು ದಿನ. ಮರುದಿನದಿಂದ ಅವನೇ ಅವಳ ಊಟದ ಬಿಡುವಿಗೆ ಗ್ರಂಥಾಲಯಕ್ಕೆ ಬಂದು ಹಳೆಯ ಪತ್ರಿಕೆಗಳನ್ನು ಜೊತೆಗೆ ಹುಡುಕತೊಡಗಿದ. ಎಲ್ಲೂ ಆ ಪದವಿಲ್ಲ. ಆದರೂ ಅವನು ಬರುವ ಹೊತ್ತಿಗೆ ಅವಳ ಕಣ್ಣು ದಿನಾ ಬಾಗಿಲ ಕಡೆಗೇ...

ಆರನೆಯ ದಿನ ಉಳಿಸಿ ಎಂದವರು ಐವರು, ಅಳಿಸಿ ಎಂದವರೂ ಐವರು.

"ನೀವೊಬ್ರು ಉಳಿಸಿ ಅಂದ್ರೆ ಸಾಕು!"

"ನಾನು... ಹೇಳೋ ಹಾಗಿಲ್ಲ." ಅವನು ತಲೆ ತಗ್ಗಿಸಿದ.

"ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗೋರು ನೀವು! ಹೋಗಿ!"

ಏಳನೆಯ ದಿನ ಪುಟವೇ ಇರಲಿಲ್ಲ. 'ಹೊರಗಿನ ಆಧಾರವಿಲ್ಲ. ಅಳಿಸಲಾಗಿದೆ.' ಅಕ್ಕ ಎರಡನೇ ಸಲ ಸತ್ತಳು ಎನಿಸಿತು ಅವಳಿಗೆ. ಕಣ್ಣೊರೆಸಿಕೊಂಡು, ಇಷ್ಟು ದಿನ ಎಣಿಕೆಯನ್ನಷ್ಟೇ ನೋಡುತ್ತಿದ್ದ ಚರ್ಚೆಯನ್ನು ಮೊದಲ ಸಲ ಕೊನೆಯವರೆಗೆ ಓದಿದಳು. ಅಲ್ಲಿ ಅವನ ಬರಹವಿತ್ತು, ಐದನೆಯ ದಿನದ್ದು.

'ವಿಷಯಕ್ಕೆ ಹತ್ತಿರದವರು ಅದನ್ನು ಹೇಳಿಕೊಂಡು ದೂರ ಸರಿಯುವುದು ಇಲ್ಲಿಯ ಪದ್ಧತಿ. ಈ ಪುಟ ಬರೆದವರನ್ನು ನಾನು ಪ್ರೀತಿಸುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.'

ಅಯ್ಯೋ... ಇವನನ್ನೇ ನಾನು ಹೋಗಿ ಅಂದೆನೇ!

ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಅವನು ಬರಿಗೈಯಲ್ಲಿ ನಿಂತಿದ್ದ.

"ಉಳಿಸೋಕಾಗ್ಲಿಲ್ಲ..."

"ಜಗತ್ತಿಗೆಲ್ಲ ಕಾಣೋ ಹಾಗೆ ಬರೆದ್ರಲ್ಲ, ನಂಗೆ ಹೇಳೋಕೆ ಬಾಯಿರ್ಲಿಲ್ವಾ?"

"ಪದ ಉಳೀಲಿ ಅಂತ್ಲೇ ನೀವು ನನ್ನನ್ನ ಒಪ್ಕೊಂಡ್ಬಿಟ್ರೆ ಅಂತ ಭಯ ಆಯ್ತು."

ಅವಳು ವಾರ್ಡಿನೊಳಕ್ಕೆ ತಿರುಗಿದಳು. ಕಿಟಕಿ ಪಕ್ಕದ ಹಾಸಿಗೆಯ ಮುದುಕನಿಗೆ ಉಸಿರು ನಿಂತು ನಿಂತು ಬರುತ್ತಿತ್ತು. ಅವನವರು ಅಂತ ಯಾರೂ ಇರಲಿಲ್ಲ. ಅವಳು ಒಂದು ಪಕ್ಕ ಕೂತು, ಇನ್ನೊಂದು ಪಕ್ಕದ ಕುರ್ಚಿಯನ್ನು ತೋರಿಸಿದಳು.

"ಬನ್ನಿ. ಆ ಕೈ ನೀವು ಹಿಡ್ಕೊಳ್ಳಿ."

ಅವನು ಕೂತು ಮೆಲ್ಲಗೆ ಹಿಡಿದುಕೊಂಡ. "ಎಷ್ಟು ಹೊತ್ತು?"

"ಕೊನೇವರೆಗೂ... ಇರ್ತೀರಾ?"

"ಇರ್ತೀನಿ."