ಬಡಗಣ ಮೆಟ್ಟಿಲು

"ಆ ಬಡಗಣ ಮೆಟ್ಟಿಲು ಒಂದು ಬಿಟ್ಟು ಎಲ್ಲಿ ಬೇಕಾದ್ರೂ ಕೂತ್ಕೋ ಮಗಳೇ," ಎಂದಳು ಕೆಜಾಯ ಅಜ್ಜಿ. "ಅದು ಖಾಲಿ ಇಲ್ಲ."

ಮ್ಯೂರಿಯಲ್ ಬಗ್ಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಸಂತೆಬಯಲಿನ ನಡುವೆ ಕಲ್ಲಿನ ಶಿಲುಬೆ ನಿಲ್ಲಿಸಿದ್ದ ಶಿಲುಬೆಕಟ್ಟೆಯ ಉಳಿದ ಮೂರು ಕಡೆಯೂ ಹೆಂಗಸರು ಬುಟ್ಟಿಗೆ ಬುಟ್ಟಿ ತಾಗಿಸಿಕೊಂಡು ಕೂತಿದ್ದರು. ಬಡಗಣ ಮೆಟ್ಟಿಲ ಮೇಲೆ ಮಾತ್ರ ಒಂದು ಎಲೆ, ಎಲೆಯ ಮೇಲೆ ಒಂದು ಬೆಣ್ಣೆಮುದ್ದೆ, ಎರಡು ಮೊಟ್ಟೆ. ಸಂತೆಗೆ ಬಂದವರೆಲ್ಲ ಬುಟ್ಟಿಯಿಂದ ಮೊದಲು ತೆಗೆದದ್ದನ್ನು ಅಲ್ಲಿಟ್ಟು, "ನಮಸ್ಕಾರ, ತಿರ್ಜಾ" ಎಂದು ಹೇಳಿಯೇ ಮುಂದೆ ಹೋಗುತ್ತಿದ್ದರು. ಸ್ಟ್ಯಾವರ್ಬಿ ಎಂಬ ಆ ಹಳ್ಳಿಯ ಕಸಾಯಿ ಜೇಬೆಜ್‌ನಂಥ ಒರಟನೂ ಆ ಕಲ್ಲಿಗೆ ಟೋಪಿ ಎತ್ತುತ್ತಿದ್ದ.

"ಯಾರಜ್ಜಿ ಈ ತಿರ್ಜಾ? ನಿಮ್ಮೂರಿನ ರಾಣಿಯಾ?"

"ಹಿಂದೆ ಒಬ್ಬ ಹಸಿದ ಹೆಂಗಸು ಕಂಕುಳಲ್ಲಿ ಕೂಸು ಎತ್ಕೊಂಡು ಬೆಣ್ಣೆ ಮಾರೋಕೆ ಅಲ್ಲಿ ಕೂತಳಂತೆ. ಪರ ಊರಿನವಳು ಅಂತ ಊರಿನೋರು ಯಾರೂ ಅವಳ ಕಡೆ ಕಣ್ಣೆತ್ತಿ ನೋಡ್ಲಿಲ್ಲ. ಕೂತಲ್ಲೇ ಇಬ್ಬರೂ ಹೋದರು. ಹೋಗೋ ಮುಂಚೆ ಶಾಪ ಹಾಕಿದಳು. ಇಲ್ಲಿ ಕೂತವರನ್ನ ನಿಮ್ಮ ಕಣ್ಣು ಎಂದೂ ಕಾಣದಿರಲಿ, ಸಂತೆ ಮುಗಿಯೋ ಗಂಟೆ ಹೊಡೆದ ಮೇಲೆ ಅವರ ಹೆಸರೂ ನಿಮ್ಮ ಬಾಯಲ್ಲಿ ಉಳೀದಿರಲಿ ಅಂತ." ಅಜ್ಜಿ ತಗ್ಗಿದ ದನಿಯಲ್ಲಿ ಹೇಳಿದಳು. "ನಮಸ್ಕಾರ ಹೇಳು, ತಾಯಿ. ನಿಂಗೇನು ಖರ್ಚು?"

ಮ್ಯೂರಿಯಲ್ ನಕ್ಕಳು. ಲೀಡ್ಸ್ ಪಟ್ಟಣದ ಗಿರಣಿಯಲ್ಲಿ ಯಂತ್ರಗಳ ನಡುವೆ ಬೆಳೆದವಳು. ಗಂಡ ವಿಲ್ಫ್‌ಗೆ ಅವನ ಚಿಕ್ಕಪ್ಪನ ಹಸುಗಳು ಪಾಲಿಗೆ ಬಂದದ್ದರಿಂದ ಈ ಹಳ್ಳಿಗೆ ಬಂದಿದ್ದಳು. ಊರಿನವರು ಯಾರೂ ಅವಳೊಡನೆ ಹೆಚ್ಚು ಮಾತಾಡುತ್ತಿರಲಿಲ್ಲ, ಈ ಅಜ್ಜಿಯ ಹೊರತು. ಚಳಿಗಾಲದಲ್ಲಿ ಕಾದ ಇಟ್ಟಿಗೆಯನ್ನು ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ತಂದು ಅವಳ ಕಾಲಡಿ ಇಟ್ಟವಳು ಅಜ್ಜಿ. ಮಗು ನ್ಯಾನ್‌ಗೆ ನೀಲಿ ಉಣ್ಣೆಯ ಟೋಪಿ ಹೆಣೆದು, ಗಲ್ಲದ ಕೆಳಗೆ ತನ್ನದೇ ರೀತಿಯ ಮೂರೆಳೆಯ ಗಂಟು ಹಾಕಿ ಕೊಟ್ಟವಳೂ ಅವಳೇ. ಆದರೂ ಕಲ್ಲಿಗೆ ನಮಸ್ಕಾರ ಹೇಳುವುದೆಂದರೆ!

"ಅಜ್ಜಿ, ನಂಗೆ ಬೆನ್ನು ಬಿದ್ದುಹೋಗ್ತಿದೆ. ನಿಮ್ಮ ತಿರ್ಜಾ ಸ್ವಲ್ಪ ಸರ್‍ಕೊಳ್ಳಲಿ."

ಎಲೆಯನ್ನು ಕಾಲಲ್ಲಿ ಪಕ್ಕಕ್ಕೆ ನೂಕಿದಳು. ಮೊಟ್ಟೆಯೊಂದು ಉರುಳಿ ಒಡೆಯಿತು. ಅಜ್ಜಿ "ಬೇಡ" ಎಂದು ಕೂಗುವಷ್ಟರಲ್ಲಿ ಅವಳು ಕೂತಾಗಿತ್ತು.

ಮೊದಲು ಬಂದದ್ದು ವಾಸನೆ. ಹುಳಿ ಮಜ್ಜಿಗೆ, ತೊಯ್ದ ಉಣ್ಣೆ, ಬಹಳ ದಿನ ಬಾಗಿಲು ತೆರೆಯದ ಕೋಣೆ. ಆಮೇಲೆ ತೊಡೆಯ ಕೆಳಗೆ ಏನೋ ಮಿಸುಕಿದಂತಾಯಿತು, ಯಾರದೋ ಮಡಿಲಲ್ಲಿ ಕೂತಂತೆ. ಕಿವಿಯ ಹತ್ತಿರವೇ ಒಂದು ನಿಟ್ಟುಸಿರು. ಯಾರೋ ಅವಳ ಹೆಗಲು ಹಿಡಿದುಕೊಂಡು ಎದ್ದು ನಿಂತರು.

ಹಳೇ ಕಾಲದ ಟೋಪಿ ಕಟ್ಟಿದ ಹುಡುಗಿ. ಇನ್ನೂ ಹರೆಯ. ಅವಳು ತಿರುಗಿಯೂ ನೋಡದೆ ಹುಲ್ಲುಬಯಲು ದಾಟಿ ಹೊರಟಳು.

"ತಿರ್ಜಾ!" ಕೆಜಾಯ ಅಜ್ಜಿಯ ಕೂಗಿಗೆ ಬಯಲಿನ ಕಾಗೆಗಳು ಎದ್ದವು. ಹುಡುಗಿ ಹುಲ್ಲಿನ ಅಂಚಿನಲ್ಲಿ ನಿಂತು ತಿರುಗಿದಳು. ಮುಖದಲ್ಲಿ ಒಂದು ನಗು ಮೂಡುವಂತಿತ್ತು. ಮೂಡಲಿಲ್ಲ. ಜರಡಿಯಿಂದ ಹಿಟ್ಟು ಉದುರಿದಂತೆ ಉದುರಿಹೋದಳು. ಗಾಳಿ ಅದನ್ನೂ ಒಯ್ದಿತು.

ಸುತ್ತಲಿನ ಹೆಂಗಸರು ಅಜ್ಜಿಯನ್ನು ನೋಡಿ ಮುಸಿಮುಸಿ ನಕ್ಕರು. "ಪಾಪ, ವಯಸ್ಸಾಯ್ತು."

ಮ್ಯೂರಿಯಲ್ ಎದ್ದು ನಿಂತಳು. "ನೀವೂ ನೋಡಿದ್ರಾ?" ಎಂದು ಪಕ್ಕದವಳನ್ನು ಕೇಳಿದಳು. ಪಕ್ಕದವಳು ಬೆಣ್ಣೆಗೆ ಎಲೆ ಸುತ್ತುತ್ತಲೇ ಇದ್ದಳು. ಮ್ಯೂರಿಯಲ್ ಗಟ್ಟಿಯಾಗಿ ಕೇಳಿದಳು. ತೋಳು ಹಿಡಿದು ಅಲುಗಿಸಿದಳು. ಪಕ್ಕದವಳು ಶಾಲು ಬಿಗಿ ಮಾಡಿಕೊಂಡು, "ಏನು ಚಳಿಗಾಳಿ ಇವತ್ತು," ಎಂದಳು.

ಆಗ ನ್ಯಾನ್ ಅತ್ತಳು.

ಅದು ಹಸಿವಿನ ಅಳು. ಮ್ಯೂರಿಯಲ್‌ಳ ಎದೆ ಹಾಲು ತುಂಬಿ ಬಿಗಿಯಿತು. ಮಗುವನ್ನು ಮಲಗಿಸಿದ್ದ ಕೈಗಾಡಿಯತ್ತ ಓಡಿ ಎತ್ತಿಕೊಳ್ಳಲು ಹೋದಳು. ಕೈ ನೀರಿನಲ್ಲಿ ಆಡಿಸಿದಂತೆ ಜಾರಿತು. ಮಗುವಿನ ಕಣ್ಣು ಅವಳ ಮುಖದ ಮೇಲೆ ಬಂದು, ಅಲ್ಲಿ ನಿಲ್ಲದೆ, ಅವಳನ್ನು ಹಾದು ಮೋಡ ನೋಡಿತು. "ನ್ಯಾನ್! ನನ್ನ ಚಿನ್ನಾ, ಇಲ್ನೋಡು." ಮಗು ಅಳುತ್ತಲೇ ಇತ್ತು.

ಹಾಲಿನ ಡಬ್ಬಿ ಹೊತ್ತು ಬಂದ ವಿಲ್ಫ್ ಗಾಡಿಯ ಬಳಿ ನಿಂತ. "ಮ್ಯೂರಿಯಲ್? ಎಲ್ಲಿ ಹೋದ್ಲು ಇವಳು, ಮಗೂನ ಒಂದನ್ನೇ ಬಿಟ್ಟು!" ಅವಳು ಅವನ ಕಾಲರು ಹಿಡಿದು ಕಿರುಚಿದಳು. ಅವನು ಕಾಲರು ಸರಿಮಾಡಿಕೊಂಡ. ಜೇಬೆಜ್‌ನನ್ನು ಕೇಳಿದ. ಬೆಣ್ಣೆಯವರನ್ನೆಲ್ಲ ಕೇಳಿದ. ಕೇಳುತ್ತ ಕೇಳುತ್ತ ಅವನ ದನಿಯಲ್ಲಿದ್ದ ಗಾಬರಿ ಸಡಿಲವಾಯಿತು. ಒಮ್ಮೆ ಹಣೆ ಉಜ್ಜಿಕೊಂಡು, "ನನ್ನ ಹೆಂಡ್ತೀನ... ಆ... ಹೆಸರು..." ಎಂದು ತಡವರಿಸಿದ.

"ಮ್ಯೂರಿಯಲ್! ಮ್ಯೂರಿಯಲ್ ಕಣೋ!"

ಯಾರೋ ಹೆಂಗಸು ಮಗುವನ್ನು ಎತ್ತಿಕೊಂಡು, "ತಾಯಿಲ್ಲದ ಕೂಸು, ಹಸಿದಿದೆ ಪಾಪ," ಎಂದಳು. ವಿಲ್ಫ್ ಬೇಡವೆನ್ನಲಿಲ್ಲ. ಆ ಮಾತು ಅವನ ಮುಖದ ಮೇಲೆ ನಿಧಾನವಾಗಿ ನಿಜವಾಗುತ್ತಿತ್ತು.

ಮ್ಯೂರಿಯಲ್ ಚರ್ಚಿನ ಕಡೆ ಓಡಿದಳು. ಪಾದ್ರಿ ಬರಲಿ, ಯಾರಾದರೂ ಬರಲಿ. ಹುಲ್ಲು ಮುಗಿದು ದಾರಿ ಶುರುವಾಗುವಲ್ಲಿ ಕಾಲಿಟ್ಟಳು. ಇಟ್ಟ ಕಾಲು ಕಲ್ಲಿಗೆ ತಾಗಿತು. ಬಡಗಣ ಮೆಟ್ಟಿಲು. ಮತ್ತೆ ಓಡಿದಳು, ಕೆರೆಯ ಕಡೆ. ಮತ್ತೆ ಮೆಟ್ಟಿಲು. ಮತ್ತೆ. ಮಜ್ಜಿಗೆಯ ವಾಸನೆ ಈಗ ಅವಳ ಬಟ್ಟೆಯಿಂದಲೇ ಬರುತ್ತಿತ್ತು. ಕೈ ನೋಡಿಕೊಂಡಳು. ಬೆರಳ ತುದಿ ಹಿಟ್ಟಿನಂತೆ ಬಿಳುಚಿತ್ತು. ಅದೇ ಮೆಟ್ಟಿಲ ಮೇಲೆ ಕೂತಳು. ಅಂಗಡಿಗಳನ್ನು ಮುಚ್ಚುತ್ತಿದ್ದರು. ಜೇಬೆಜ್ ಸಂತೆ ಮುಗಿಸುವ ಕೈಗಂಟೆ ತರಲು ಅಂಗಡಿಯೊಳಗೆ ಹೋಗುತ್ತಿದ್ದ.

ಆಗ ಅವಳ ಮುಂದೆ ಒಂದು ಸಣ್ಣ ನೆರಳು ಬಿತ್ತು. ಕೆಜಾಯ ಅಜ್ಜಿ. ಅವಳ ಕಣ್ಣು ಮ್ಯೂರಿಯಲ್ ಕಡೆಗಿರಲಿಲ್ಲ, ತುಸು ಪಕ್ಕಕ್ಕಿತ್ತು. ಕುರುಡರು ಮಾತಾಡುವಂತೆ ಮಾತಾಡಿದಳು.

"ನೀನಿಲ್ಲೇ ಇದ್ದೀ ಅಂತ ಗೊತ್ತು, ಮಗಳೇ. ನಂಗೆ ಕಾಣಲ್ಲ. ಕೇಳಿಸ್ಕೋ. ತಿರ್ಜಾ ನನ್ನ ಅಕ್ಕ. ಚಿಕ್ಕವಳಿದ್ದಾಗ ನಾನೂ ನಿನ್ನ ಹಾಗೇ ನಕ್ಕು ಅಲ್ಲಿ ಕೂತಿದ್ದೆ. ಗಂಟೆಗೆ ಮುಂಚೆ ಅವಳು ನನ್ನ ಜಾಗಕ್ಕೆ ಬಂದು ಕೂತಳು. ಗಂಟೆ ಹೊಡೆಯೋ ಮುಂಚೆ ಇನ್ನೊಬ್ಬರು ಕೂತರೆ ಮಾತ್ರ ಮೊದಲು ಕೂತೋರು ಬದುಕಿ ಬರ್ತಾರೆ. ಅವತ್ತಿನಿಂದ ನಮ್ಮಮ್ಮನಿಗೆ ಒಬ್ಬಳೇ ಮಗಳು. ಯಾರಿಗೋಸ್ಕರ ಕೂತರೋ ಅವರಿಗೆ ಮಾತ್ರ ನೆನಪು ಇರುತ್ತೆ. ನಾನು ವಾರ ವಾರ ಹೆಸರು ಹಿಡಿದು ಕರೆದೆ. ಊರಿನೋರು ಅದೇ ಹಳೇ ಹೆಂಗಸಿನ ಹೆಸರು ಅಂದ್ಕೊಂಡು ಕರೆಯೋಕೆ ಶುರು ಮಾಡಿದ್ರು. ಒಳ್ಳೇದೇ ಆಯ್ತು. ಅಲ್ಲಿ ಕೂತೋರಿಗೆ ಹೆಸರೇ ಅನ್ನ."

"ಬೇಡ ಅಜ್ಜಿ," ಎನ್ನಬೇಕೆಂದು ಮ್ಯೂರಿಯಲ್‌ಗೆ ಅನಿಸಿತು. ಅದೇ ಹೊತ್ತಿಗೆ ದೂರದಲ್ಲಿ ನ್ಯಾನ್ ಅತ್ತಳು. ಬಾಯಿ ತೆರೆಯಲೇ ಇಲ್ಲ. ಆ ಒಂದು ಗಳಿಗೆಯ ಮೌನವನ್ನು ಅವಳು ಮುಂದೆಂದೂ ಮರೆಯಲಿಲ್ಲ.

"ನನ್ನ ಕಂದು ಕೋಳಿ ಕಾವಿಗೆ ಕೂತಿದೆ. ನೀರಿಡೋದು ಮರೀಬೇಡ," ಎಂದಳು ಅಜ್ಜಿ. ಮಂಡಿ ನೋಯುವವರು ಕೂರುವಂತೆ ಕಲ್ಲು ಹಿಡಿದು ಮೆಲ್ಲಗೆ ಕೂತಳು. ಮ್ಯೂರಿಯಲ್‌ಳ ತೊಡೆಯ ಮೇಲೆ ಹಕ್ಕಿಯಷ್ಟು ಹಗುರ. "ಏಳು. ನನ್ನ ಹೆಗಲು ಹಿಡ್ಕೊಂಡು ಏಳು, ತಾಯಿ."

ಮ್ಯೂರಿಯಲ್ ಎದ್ದಳು.

ಗಂಟೆ ಹೊಡೆಯಿತು.

"ಅಯ್ಯೋ, ಎಲ್ಲಿದ್ದೆ ನೀನು?" ವಿಲ್ಫ್ ಓಡಿಬಂದು ಅವಳ ತೋಳು ಹಿಡಿದ. ಮ್ಯೂರಿಯಲ್ ಆ ಹೆಂಗಸಿನ ಕೈಯಿಂದ ಮಗುವನ್ನು ಕಿತ್ತುಕೊಂಡು ಎದೆಗೆ ಅವುಚಿದಳು. ಮಗು ಅವಳನ್ನು ನೋಡಿತು. ನೋಡಿ, ಹಾಲಿಗೆ ಬಾಯಿ ಹಾಕಿತು. ಮ್ಯೂರಿಯಲ್ ತಿರುಗಿದಳು. ಮೆಟ್ಟಿಲ ಮೇಲೆ ಒಡೆದ ಮೊಟ್ಟೆಯ ಸಿಪ್ಪೆ ಮಾತ್ರ ಇತ್ತು.

"ಕೆಜಾಯ ಅಜ್ಜಿ..."

"ಯಾರು?" ಎಂದ ವಿಲ್ಫ್.

ಅಜ್ಜಿಯ ಗುಡಿಸಲು ಎಷ್ಟೋ ವರ್ಷದಿಂದ ಖಾಲಿ ಎಂದರು ಊರಿನವರು. ಆ ಕೋಳಿ ಯಾರದೆಂದು ಯಾರಿಗೂ ತಿಳಿಯಲಿಲ್ಲ. ನೀಲಿ ಟೋಪಿಯನ್ನು ನೀನೇ ಹೆಣೆದದ್ದಲ್ಲವೇ ಎಂದ ಗಂಡ. ಮುಂದಿನ ಸಂತೆಯಲ್ಲಿ ಎಲ್ಲರೂ ಅಭ್ಯಾಸದಂತೆ "ನಮಸ್ಕಾರ, ತಿರ್ಜಾ" ಎಂದರು. ಮೆಟ್ಟಿಲ ಕಲ್ಲು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಕಂದು ಕೋಳಿಯ ಮೊಟ್ಟೆಯೊಂದನ್ನು ಎಲೆಯ ಮೇಲಿಟ್ಟು ಮ್ಯೂರಿಯಲ್ ಗಟ್ಟಿಯಾಗಿ, "ನಮಸ್ಕಾರ, ಕೆಜಾಯ ಅಜ್ಜಿ," ಎಂದಳು.

"ಪಟ್ಟಣದೋಳಿಗೆ ಇನ್ನೂ ಹೆಸರೇ ಬಾಯಿಗೆ ಹತ್ತಿಲ್ಲ," ಎಂದು ಜೇಬೆಜ್ ನಕ್ಕ. ಅವಳು ತಿದ್ದಿಕೊಳ್ಳಲಿಲ್ಲ. ಲೀಡ್ಸ್‌ಗೆ ಮರಳೋಣವೇ ಎಂದು ವಿಲ್ಫ್ ಕೇಳಿದಾಗಲೂ ಆಗದು ಎಂದಳು. ಕಾರಣ ಹೇಳಲಿಲ್ಲ. ತಾನೊಂದು ಸಂತೆ ತಪ್ಪಿಸಿದರೆ ಅಲ್ಲೊಬ್ಬಳು ಉಪವಾಸ.

ಬೇಸಿಗೆ ಬಂತು. ನ್ಯಾನ್ ಹೆಜ್ಜೆ ಕಲಿತಳು. ಒಂದು ಸಂತೆಯ ಬೆಳಿಗ್ಗೆ ಗಿರಾಕಿಗೆ ಬೆಣ್ಣೆ ಕಟ್ಟಿಕೊಟ್ಟು ಮ್ಯೂರಿಯಲ್ ತಲೆಯೆತ್ತಿದಾಗ ಮಗು ಪಕ್ಕದಲ್ಲಿರಲಿಲ್ಲ. ಶಿಲುಬೆಕಟ್ಟೆಯನ್ನು ಬಳಸಿಕೊಂಡು, ಯಾರೋ ಕರೆದಂತೆ ನಗುತ್ತ, ನೀಲಿ ಟೋಪಿಯ ದಾರ ಬಿಚ್ಚಿ ನೇತಾಡಿಸುತ್ತ, ಬಡಗಣ ಮೆಟ್ಟಿಲಿಗೆ ಎರಡೂ ಕೈ ಊರಿತ್ತು. ಹಿಂದಕ್ಕೆ ತಿರುಗಿತು. ಕೂರಲು ಮಂಡಿ ಮಡಚಿತು.

ಮ್ಯೂರಿಯಲ್ ಓಡಿದಳು. ಬುಟ್ಟಿ ಮಗುಚಿತು. ತಲುಪುವುದಿಲ್ಲವೆಂದು ಅವಳಿಗೆ ತಿಳಿದಿತ್ತು.

ಮಗು ಕೂರಲಿಲ್ಲ. ಯಾರೋ ಕಂಕುಳಿಗೆ ಕೈ ಕೊಟ್ಟು ಎತ್ತಿದಂತೆ ತುಸು ಮೇಲೆದ್ದು, ಮೆಲ್ಲಗೆ ಹುಲ್ಲಿನ ಮೇಲೆ ಇಳಿಯಿತು. ಮ್ಯೂರಿಯಲ್ ಮಂಡಿಯೂರಿ ಅದನ್ನು ಬಾಚಿಕೊಂಡಳು. ಮಗುವಿನ ಕೆನ್ನೆಯಲ್ಲಿ ಹುಳಿ ಮಜ್ಜಿಗೆಯ ವಾಸನೆಯಿತ್ತು. ಗಲ್ಲದ ಕೆಳಗೆ ಟೋಪಿಯ ದಾರ ತೊಯ್ದು ತಣ್ಣಗಿತ್ತು.

ಮೂರೆಳೆಯ ಗಂಟು ಬಿದ್ದಿತ್ತು.