ಆಳಿಲ್ಲದ ಅಳತೆ

“ಆಳಿಲ್ಲದ ಅಳತೆಗೆ ಕತ್ತರಿ ಹಾಕಬೇಡ ತಮ್ಮಾ,” ಎಂದು ಟೈಲರ್ ಮಾಸ್ಟರ್ ಮೊದಲ ದಿನವೇ ಇಸ್ತ್ರಿಯವನಿಗೆ ಹೇಳಿದ್ದರು. “ಅಳತೆ ಕೊಡೋಕೆ ಮನುಷ್ಯ ಬರಬೇಕು. ಇಲ್ಲಾ ಅವನು ತೊಟ್ಟ ಬಟ್ಟೆ ಬರಬೇಕು. ಬರೀ ಚೀಟಿ ಬಂತು ಅಂದ್ರೆ ಬಾಗಿಲಿಂದಾನೇ ವಾಪಸ್ ಕಳಿಸು.”

ಅವನು “ಆಯ್ತು ಮಾಸ್ಟ್ರೇ” ಎಂದು ತಲೆಯಾಡಿಸಿ, ಮುಖ ತಿರುಗಿಸಿಕೊಂಡು ನಕ್ಕಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇವರು. ಇವರನ್ನು ಕಾಯಲು ತನ್ನನ್ನು ಕಳಿಸಿದ್ದಾರಲ್ಲ ಎಂದು ಅವನಿಗೆ ಒಳಗೊಳಗೇ ರೇಗಿತ್ತು.

ಅವನು ಇಸ್ತ್ರಿಯವನೇ ಅಲ್ಲ. ಪೊಲೀಸ್ ಇಲಾಖೆಯವನು. ಮಾಸ್ಟರ ಮಗಳ ಗಂಡನನ್ನು ಒಬ್ಬ ಗುತ್ತಿಗೆದಾರ ಹಾಡಹಗಲೇ ಕೊಲ್ಲಿಸಿದ್ದ; ಅದನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ಬರುವ ಸೋಮವಾರ ಅವಳು ಸಾಕ್ಷಿ ಹೇಳಬೇಕು. ಅಲ್ಲಿಯವರೆಗೆ ಅವಳೂ, ಕಣ್ಣು ಮಂಜಾದ ಮಾಸ್ಟರೂ, ಅವಳ ಏಳು ವರ್ಷದ ಮಗಳೂ ಉಸಿರಾಡುತ್ತಿರಬೇಕು. ಅಷ್ಟೇ ಅವನ ಕೆಲಸ. ತಾನು ಯಾರೆಂದು ಮನೆಯವರಿಗೂ ತಿಳಿಯಕೂಡದೆಂದು ಸಾಹೇಬರು ಕಟ್ಟಪ್ಪಣೆ ಮಾಡಿದ್ದರು. ಹೀಗೆ ಎರಡು ತಿಂಗಳಿಂದ ಅವನು ಹೊಲಿಗೆ ಅಂಗಡಿಯ ಮೂಲೆಯಲ್ಲಿ ಇದ್ದಿಲ ಹೊಗೆ ಕುಡಿಯುತ್ತಾ, ಅಂಗಿಯ ಒಳಗೆ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು, ಊರಿನ ಪ್ಯಾಂಟುಗಳಿಗೆ ಗೆರೆ ಮೂಡಿಸುತ್ತಿದ್ದ.

ಬೀದಿ ಇವರನ್ನು ಎಂದೋ ಕೈಬಿಟ್ಟಿತ್ತು. ಎದುರು ಮನೆಯವರು ಇವರ ಬಾಗಿಲು ತೆರೆದರೆ ತಮ್ಮ ಕಿಟಕಿ ಮುಚ್ಚುತ್ತಿದ್ದರು. ಹಳೆಯ ಗಿರಾಕಿಗಳು ಹೊಲಿಯಲು ಕೊಟ್ಟ ಬಟ್ಟೆಯನ್ನು ಅರ್ಧಕ್ಕೇ ವಾಪಸು ಒಯ್ದಿದ್ದರು. ಗುತ್ತಿಗೆದಾರ ಚಾಕುವಿಗಿಂತ ಮಾಟವನ್ನೇ ಹೆಚ್ಚು ನಂಬುತ್ತಾನೆ ಎಂದು ಊರೆಲ್ಲ ಗುಸುಗುಸು. ಹೋದ ವಾರ ಹಗ್ಗದ ಮೇಲೆ ಒಣಹಾಕಿದ್ದ ಮಗುವಿನ ಫ್ರಾಕು ಕಾಣೆಯಾದಾಗಲೂ ಮಾಸ್ಟರ್ ಇಡೀ ದಿನ ಊಟ ಬಿಟ್ಟು ಕೂತಿದ್ದರು. ನಾಯಿ ಎಳೆದುಕೊಂಡು ಹೋಗಿರುತ್ತದೆ ಎಂದು ಇಸ್ತ್ರಿಯವನು ಅದನ್ನು ತಳ್ಳಿಹಾಕಿದ್ದ.

ಮಗುವನ್ನು ಎಲ್ಲರೂ ಕರೆಯುತ್ತಿದ್ದದ್ದು ಗುಂಡಿ ಎಂದು. ಅಂಗಿಯ ಗುಂಡಿಯಷ್ಟೇ ದುಂಡಗಿನ ಮುಖ. “ನಮ್ಮ ಗುಂಡಿಗೆ ಬಿದ್ದೋರು ಯಾರೂ ಮೇಲೆ ಬಂದಿಲ್ಲ, ಹುಷಾರು,” ಎಂದು ಮಾಸ್ಟರ್ ಆಗಾಗ ಅವನನ್ನು ಕೆಣಕುತ್ತಿದ್ದರು. ಅವನು ಬಿದ್ದಾಗಿತ್ತು. ಮಗುವಿನ ತಾಯಿಗೂ ಬಿದ್ದಿದ್ದ ಎನ್ನುವುದನ್ನು ಮಾತ್ರ ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಅವಳು ಮೊದಮೊದಲು ಅವನೊಂದಿಗೆ ಮಾತಾಡಿದ್ದೆಲ್ಲ ಬೈಗುಳವೇ. ಮಡಿಕೆ ಸೊಟ್ಟ, ಕಾಲರು ಸುಟ್ಟಿದೆ, ನಿಮಗೆ ಇಸ್ತ್ರಿ ಕಲಿಸಿದವರು ಯಾರು. ಎರಡನೇ ವಾರ, ಅವನ ಹರಿದ ಅಂಗಿ ನೋಡಲಾಗದೆ, ಟೇಪು ಹಿಡಿದು ಅಳತೆ ತೆಗೆದಳು. ಸೊಂಟದ ಹತ್ತಿರ ಟೇಪು ಅರೆಕ್ಷಣ ನಿಂತಿತು. “ಮೂವತ್ತಾರು,” ಎಂದು ಕಿವಿಯ ಮೇಲಿನ ಪೆನ್ಸಿಲು ತೆಗೆದು ಅಳತೆ ಪುಸ್ತಕದಲ್ಲಿ ಬರೆದಳು. ಅವನ ಸೊಂಟ ಮೂವತ್ನಾಲ್ಕು. ಉಳಿದ ಎರಡಿಂಚು ಪಿಸ್ತೂಲಿನದು. ಅವಳಿಗೆ ತಿಳಿಯಲಿಲ್ಲ ಎಂದು ಅವನು ನಿರಾಳವಾಗಿದ್ದ.

ಆ ಪುಸ್ತಕ ಮಾಸ್ಟರ ಅಪ್ಪನ ಕಾಲದ್ದು. ಗಿರಾಕಿ ಸತ್ತ ಸುದ್ದಿ ಬಂದರೆ ಅವನ ಅಳತೆಯ ಮೇಲೆ ಅಡ್ಡಗೆರೆ ಎಳೆಯುತ್ತಿದ್ದರು. ತಪ್ಪು ಅಳತೆಯೊಂದು ಅದರಲ್ಲಿ ಉಳಿಯಲು ಬಿಟ್ಟವರಲ್ಲ.

ಹೋದ ಭಾನುವಾರ ವಕೀಲರು ಅವಳಿಂದ ಗಂಡನ ಕೊಲೆಯನ್ನು ಮೂರು ಸಲ ಹೇಳಿಸಿದ್ದರು. ಬಂದವಳು ಬಟ್ಟೆ ಕೋಣೆಯ ಮೂಲೆಯಲ್ಲಿ ನಿಂತು ಅತ್ತಳು. ಅವನು ಹೋಗಿ ಅಪ್ಪಿಕೊಂಡ. ಗುಂಡಿಯನ್ನು ಬೆನ್ನ ಮೇಲೆ ಹೊತ್ತು ಆಡಿಸುತ್ತಿದ್ದವನು, ಹಾಗಾಗಿ ಪಿಸ್ತೂಲು ಇದ್ದಿಲ ಚೀಲದಲ್ಲಿತ್ತು. ಅವಳ ಎರಡೂ ಕೈ ಅವನ ಸೊಂಟ ಬಳಸಿದವು. ಸೋಮವಾರ ಕಳೆದ ಮೇಲೆ ಇವಳಿಗೆ ಎಲ್ಲ ಹೇಳಿಬಿಡುತ್ತೇನೆ, ಇವಳನ್ನು ಬಿಟ್ಟು ಇರಲಾರೆ ಎಂದು ಅವನಿಗೆ ಆಗ ಅನ್ನಿಸಿತು.

ಗುರುವಾರ ಮಧ್ಯಾಹ್ನ ಚೀಟಿ ಬಂತು.

ಅವಳು ವಕೀಲರಲ್ಲಿಗೆ ಹೋಗಿದ್ದಳು. ಮಾಸ್ಟರ್ ಉಂಡು ಒಳಗೆ ಮಲಗಿದ್ದರು. ಗುಂಡಿ ಕತ್ತರಿಸುವ ಮೇಜಿನ ಕೆಳಗೆ ಸೀಮೆಸುಣ್ಣದ ಚೂರಿನಿಂದ ನೆಲದ ಮೇಲೆ ಏನೋ ಬರೆಯುತ್ತಿದ್ದಳು. ಹೊಸ್ತಿಲ ಆಚೆ ಒಬ್ಬ ನಡುವಯಸ್ಸಿನ ಹೆಂಗಸು ನಿಂತಿದ್ದಳು. ಒಳಗೆ ಕಾಲಿಡದೆ, ಕೊಡೆಯ ತುದಿಯಿಂದ ಒಂದು ಗಂಟನ್ನು ಕಟ್ಟೆಯ ಮೇಲೆ ತಳ್ಳಿದಳು.

“ಒಂದು ನಿಲುವಂಗಿ ಹೊಲೀಬೇಕು. ಅಳತೆ ಚೀಟೀಲಿದೆ. ಶನಿವಾರ ಬರ್ತೀನಿ.”

“ಯಾರಿಗಮ್ಮಾ?”

“ಅಳತೆ ಸರಿಯಾಗಿದ್ರೆ ಅದೇ ಹುಡುಕ್ಕೊಂಡು ಹೋಗುತ್ತೆ,” ಎಂದು ಹೇಳಿ ಅವಳು ಹೊರಟುಹೋದಳು.

ಗುತ್ತಿಗೆದಾರನ ಕಡೆಯವಳು ಎನ್ನಲು ಬುದ್ಧಿವಂತಿಕೆ ಬೇಕಿರಲಿಲ್ಲ. ಅವನು ಸಾಹೇಬರಿಗೆ ಫೋನು ಮಾಡಿದ. “ಒಳ್ಳೇದೇ ಆಯ್ತು. ಬಟ್ಟೆ ತಗೊಳ್ಳೋಕೆ ಬಂದಾಗ ಹಿಡಿಯೋಣ. ಕೆಲಸ ನಡೀತಿರೋ ಹಾಗೆ ಕಾಣಲಿ,” ಎಂದರು ಸಾಹೇಬರು. ಕೆಲಸ ನಡೆಯುತ್ತಿರುವಂತೆ ಕಾಣಬೇಕಾದರೆ ಬಟ್ಟೆ ಕತ್ತರಿಸಿರಬೇಕು. ಎರಡು ತಿಂಗಳಲ್ಲಿ ಅವನು ಕತ್ತರಿ ಹಿಡಿಯುವುದನ್ನೂ ಕಲಿತಿದ್ದ. ಗುಂಡಿಯ ತಾಯಿ ಬಂದು ನೋಡಿ ಮೆಚ್ಚಲಿ ಎಂಬ ಚಪಲವೂ ಇತ್ತು. ಮಾಸ್ಟರ ಮಾತು ನೆನಪಾಯಿತು. ಅವನು ಮೂಗು ಮುರಿದು ಗಂಟು ಬಿಚ್ಚಿದ.

ಬಣ್ಣ ಕಾಣದ ಒರಟು ಬಟ್ಟೆ. ಸುಟ್ಟ ಕೂದಲಿನ ವಾಸನೆ, ಅದರ ಅಡಿಯಲ್ಲಿ ಮುಗ್ಗಿದ ಹಿಟ್ಟಿನ ವಾಸನೆ. ಚೀಟಿಯಲ್ಲಿ ಐದು ಅಂಕಿಗಳು, ಹೆಸರಿಲ್ಲ. ಗೆರೆ ಹಾಕಿ ಕತ್ತರಿ ಇಟ್ಟ. ಬಟ್ಟೆ ಕತ್ತರಿಸುವ ಸದ್ದು ಬರಲಿಲ್ಲ. ಎಳೆಯ ಮೂಳೆ ಕಡಿದಂತಹ ಸದ್ದು ಬಂತು. ಮೇಜಿನ ಕೆಳಗೆ ಸೀಮೆಸುಣ್ಣದ ಕಿರಿಕಿರಿ ನಿಂತಿತು.

“ಮಾಮ, ಚಳಿ.”

“ಇರು ಪುಟ್ಟಾ, ಇನ್ನೊಂದೇ ತುಂಡು,” ಎಂದು ಅವನು ಕುತ್ತಿಗೆಯ ಭಾಗ ಕತ್ತರಿಸಿ ಮುಗಿಸಿದ.

ಬಗ್ಗಿ ನೋಡಿದರೆ ಮಗು ಮಗ್ಗುಲಾಗಿ ಮಲಗಿತ್ತು. ಕುತ್ತಿಗೆಯ ಸುತ್ತ ಒಂದು ಬಿಳಿ ಗೆರೆ. ಭುಜಗಳ ಮೇಲೆ ಗೆರೆ. ತೋಳಿನ ಬುಡದಲ್ಲಿ ಗೆರೆ. ತಾನೇ ಬರೆದುಕೊಂಡಿದ್ದಾಳೆ ಎಂದುಕೊಂಡು ಒದ್ದೆ ಬಟ್ಟೆಯಿಂದ ಒರೆಸಿದ. ಗೆರೆ ಅಳಿಸಲಿಲ್ಲ. ಚರ್ಮದ ಒಳಗಿತ್ತು.

ಅಷ್ಟರಲ್ಲಿ ಮಗುವಿನ ತಾಯಿ ಬಂದಳು. ಮೇಜಿನ ಮೇಲಿನ ತುಂಡುಗಳನ್ನು ನೋಡಿದಳು. ಚೀಟಿ ಎತ್ತಿಕೊಂಡಳು.

“ಎಡ ಭುಜ ಕಾಲಿಂಚು ಕಮ್ಮಿ,” ಎಂದಳು. ದನಿಯೇ ಬದಲಾಗಿತ್ತು. “ಇದು ನನ್ನ ಮಗಳ ಅಳತೆ. ಕಾಣೆಯಾದ ಫ್ರಾಕಿಂದ ತೆಗೆದದ್ದು. ಯಾರು ಕತ್ತರಿಸಿದ್ದು?”

ವಾಸನೆಗೆ ಎಚ್ಚರಗೊಂಡ ಮಾಸ್ಟರ್ ಗೋಡೆ ತಡವುತ್ತಾ ಬಾಗಿಲಿಗೆ ಬಂದು ನಿಂತಿದ್ದರು. ಅವರು ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ಆಗ ಮೂಲೆಯ ಹೊಲಿಗೆ ಯಂತ್ರ ತನ್ನಷ್ಟಕ್ಕೆ ತಾನೇ ಒಂದು ಸುತ್ತು ತಿರುಗಿತು. ಟಕ್. ಮೇಜಿನ ಮೇಲಿದ್ದ ಎರಡು ತುಂಡುಗಳು ಈಗ ಸೂಜಿಯ ಕೆಳಗಿದ್ದವು. ಟಕ್ ಟಕ್. ಕೂದಲಿನಂತಹ ಕಪ್ಪು ದಾರ ಬಾಬಿನ್ನಿನಿಂದ ಏಳುತ್ತಿತ್ತು. ಭುಜದ ಹೊಲಿಗೆ ಕೂಡುತ್ತಾ ಹೋದಂತೆ ಮಗುವಿನ ತೋಳು ಬಿಗಿದು ಎದೆಗೆ ಅಂಟಿಕೊಂಡಿತು.

ಅವನು ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಓಡಿದ. ಆಸ್ಪತ್ರೆ. ಆಸ್ಪತ್ರೆಗೆ ಹೋದರೆ ಎಲ್ಲ ಸರಿಹೋಗುತ್ತದೆ. ಹೊಸ್ತಿಲ ಮೇಲೆ ಕಾಲಿಟ್ಟ. ಹಿಂದೆ ಪೆಡಲು ಹುಚ್ಚೆದ್ದಿತು. ಮಗುವಿನ ಉಸಿರು ನಿಂತಿತು. ತುಟಿ ನೀಲಿಗಟ್ಟಿತು. ಒಂದು ಹೆಜ್ಜೆ ಹಿಂದಿಟ್ಟ. ಉಸಿರು ಬಂತು. ಎದುರು ಮನೆಯ ಕಿಟಕಿ ಪಟಾರನೆ ಮುಚ್ಚಿಕೊಂಡಿತು.

“ಹೊರಗೆ ಒಯ್ಯೋಕಾಗಲ್ಲ,” ಎಂದರು ಮಾಸ್ಟರ್. “ಬಿಚ್ಚೋಕೂ ಆಗಲ್ಲ. ಕತ್ತರಿಸಿದ ಬಟ್ಟೆ ಮೈ ಕೇಳುತ್ತೆ. ಕಡೇ ಗುಂಡಿ ಕೂರೋದರೊಳಗೆ ಬೇರೆ ಮೈಗೆ ಆಲ್ಟರ್ ಮಾಡಬೇಕು.”

“ನನ್ನ ಮೈಗೆ ಮಾಡಿ,” ಎಂದಳು ಅವಳು.

“ನಿನ್ನದೂ ಒಪ್ಪಲ್ಲ, ನನ್ನದೂ ಒಪ್ಪಲ್ಲ. ಕತ್ತರಿ ಹಾಕಿದೋರ ಮೈನೇ ಬೇಕು. ಅಳತೆ ಒಂದು ದಾರದಷ್ಟು ತಪ್ಪಿದ್ರೂ ತಿರುಗಿ ಮಗೂಗೇ ಬರುತ್ತೆ.”

ಯಾರೂ ಅವನ ಮುಖ ನೋಡಲಿಲ್ಲ. ಟಕ್ ಟಕ್ ಟಕ್. ಅವನು ಮಗುವನ್ನು ಮೇಜಿನ ಮೇಲೆ ಮಲಗಿಸಿದ.

“ನನ್ನದಕ್ಕೆ ಮಾಡಿ. ಅಳತೆ ಪುಸ್ತಕದಲ್ಲೇ ಇದೆಯಲ್ಲ.”

ಹೇಳುವಾಗ ಅವನಿಗೆ ಹೆದರಿಕೆಯಿತ್ತು, ನಿಜ. ಆದರೆ ಎದೆಯ ಮೂಲೆಯಲ್ಲಿ ಹಳೆಯ ಪೊಲೀಸು ಬುದ್ಧಿ ತಣ್ಣಗೆ ಲೆಕ್ಕ ಹಾಕುತ್ತಿತ್ತು. ಇಷ್ಟು ಕಂಡ ಮೇಲೂ ಅವನಿಗೆ ಪೂರ್ತಿ ನಂಬಿಕೆಯಿರಲಿಲ್ಲ. ದಾರದಷ್ಟು ತಪ್ಪಿದರೆ ಎಂಬುದೆಲ್ಲ ಮುದುಕರ ಮಾತು. ಪುಸ್ತಕದಲ್ಲಿರುವುದು ಮೂವತ್ತಾರು. ಆ ಸೊಂಟದ ಮನುಷ್ಯ ಈ ಲೋಕದಲ್ಲೇ ಇಲ್ಲ. ಮಾಟ ಅವನನ್ನು ಹುಡುಕಿಕೊಂಡು ಹೋಗಲಿ. ಅವರು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರುವವನು.

ಅವಳು ಯಂತ್ರದ ಮುಂದೆ ಕೂತು, ತಿರುಗುತ್ತಿದ್ದ ಚಕ್ರವನ್ನು ಅಂಗೈಯಿಂದ ಒತ್ತಿ ನಿಲ್ಲಿಸಿದ್ದಳು. ಅಂಗೈ ಹರಿದು ರಕ್ತ ಸೋರುತ್ತಿತ್ತು.

“ಪುಸ್ತಕದಲ್ಲಿರೋದು ಸರಿ ಅಳತೇನಾ?” ಎಂದು ಕೇಳಿದಳು.

“ಸರಿ ಅಳತೇನೇ.”

“ಇನ್ನೊಂದು ಸಲ ಕೇಳ್ತೀನಿ. ಸರಿ ತಾನೇ?”

“ನೀವೇ ತೆಗೆದದ್ದಲ್ವಾ?”

ಅವಳು ಅವನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು, ಪ್ರೀತಿಯೂ ಇತ್ತು. ಯಾವುದು ಹೆಚ್ಚೋ ಅವನಿಗೆ ತಿಳಿಯಲಿಲ್ಲ. ಆಮೇಲೆ ತಲೆ ತಗ್ಗಿಸಿ ಹೊಲಿಯತೊಡಗಿದಳು.

ಉಳಿದ ಬಟ್ಟೆಯಿಂದ ಪಟ್ಟಿಗಳನ್ನು ಹರಿದು ಸೇರಿಸಿದಳು. ಭುಜ ಅಗಲವಾಯಿತು. ಎದೆ ಅಗಲವಾಯಿತು. ಅಂಗಡಿಯಲ್ಲಿ ಕತ್ತಲೆ ಕವಿಯಿತು. ಹೊರಗೆ ಬಿಸಿಲಿತ್ತು, ಹೊಸ್ತಿಲವರೆಗೆ ಬಂದು ಅಲ್ಲೇ ನಿಂತಿತ್ತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು. ಯಾರೋ ಐದನೆಯವರು ಅವಳ ಹೆಗಲ ಹಿಂದೆ ನಿಂತು ಹೊಲಿಗೆ ಎಣಿಸುತ್ತಿದ್ದರು. ಮಾಸ್ಟರ್ ಮೊಮ್ಮಗಳ ಪಾದ ಉಜ್ಜುತ್ತಿದ್ದರು. ಕಾಲರು ಕೂತಿತು. ಕಾಜ ಮುಗಿಯಿತು. ಒಂದು ಗುಂಡಿ. ಎರಡು. ಮೂರು. ಮಗುವಿನ ಕುತ್ತಿಗೆಯ ಗೆರೆ ಮಾಸಿತು. ನಾಲ್ಕು. ಭುಜದ ಗೆರೆ ಮಾಸಿತು. ಕಡೆಯ ಗುಂಡಿ. ಸೂಜಿ ನಾಲ್ಕು ಸಲ ಒಳಗೆ ಹೋಗಿ ನಾಲ್ಕು ಸಲ ಹೊರಗೆ ಬಂತು. ಅವಳು ಹಲ್ಲಿನಿಂದ ದಾರ ಕಡಿದಳು.

ಗುಂಡಿ ಕಣ್ಣು ಬಿಟ್ಟಳು. “ಮಾಮ, ಹಸಿವು,” ಎಂದಳು.

ಅವನು ನಗಬೇಕೆಂದುಕೊಂಡ. ಗೆದ್ದೆ ಎಂದುಕೊಂಡ. ಅಷ್ಟರಲ್ಲಿ ಹೊಟ್ಟೆಯ ಸುತ್ತ ಏನೋ ತಣ್ಣಗೆ ಹರಿಯಿತು. ಅಂಗಿ ಎತ್ತಿ ನೋಡಿದ. ಪಿಸ್ತೂಲಿನ ಕೆಳಗೆ, ಚರ್ಮದ ಮೇಲೆ, ಸೊಂಟದ ಸುತ್ತ ಒಂದು ಬಿಳಿ ಗೆರೆ. ನೋಡುತ್ತಿದ್ದಂತೆ ಕುತ್ತಿಗೆಗೂ ಬಂತು. ಗಂಟಲು ಬಿಗಿಯಿತು.

“ಮೂವತ್ತಾರು...” ಎಂದ ಅವನು. ಅಷ್ಟೇ ಹೇಳಲಾದದ್ದು.

“ಎರಡಿಂಚು ಒಳಗೆ ತಗೊಂಡೆ,” ಎಂದಳು ಅವಳು. ಕಣ್ಣಲ್ಲಿ ಧಾರಾಕಾರ ನೀರು. “ಅವತ್ತು ಟೇಪಿಗೆ ಕಬ್ಬಿಣ ತಾಗಿತ್ತು. ನೀವು ಯಾರು ಅಂತ ನನಗೆ ಎರಡನೇ ವಾರಾನೇ ಗೊತ್ತು.”

ಅವನು ಮೇಜಿನ ಕಾಲು ಹಿಡಿದು ಕುಸಿದ. ಸರಿ ಅಳತೆ ಎಲ್ಲಿ ಸಿಕ್ಕಿತು ಎಂದು ಅವನ ಕಣ್ಣು ಕೇಳಿರಬೇಕು. ಅವಳು ಪಕ್ಕದಲ್ಲಿ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

“ಭಾನುವಾರ ಅಪ್ಪಿಕೊಂಡಿದ್ದಿರಲ್ಲ,” ಎಂದಳು. “ನನ್ನ ಕೈ ಅಳತೆ ಮರೆಯಲ್ಲ. ನೀವು ನಿಜ ಹೇಳಿದ್ದಿದ್ರೆ ನಾನು ಸೂಜಿ ಕೆಳಗಿಡ್ತಿದ್ದೆನೇನೋ. ಸುಳ್ಳು ಹೇಳಿದ್ರಿ. ನನ್ನ ಮಗಳ ಜೀವಕ್ಕೆ ಸುಳ್ಳು ಅಳತೆ ಕೊಟ್ರಿ.”

ಅವನಿಗೆ ಕೊನೆಯದಾಗಿ ಕಂಡದ್ದು ಮೇಜಿನ ಅಂಚಿನಿಂದ ಬಗ್ಗಿ ನೋಡುತ್ತಿದ್ದ ದುಂಡು ಮುಖ. ಅದು ಕೆಂಪಗಿತ್ತು, ಬೆಚ್ಚಗಿತ್ತು. ಕಾಯಲು ಬಂದದ್ದು ಕಾದಾಯಿತು ಎಂದು ಅವನಿಗೆ ಅನ್ನಿಸಿತೋ ಇಲ್ಲವೋ, ಹೇಳುವವರು ಯಾರೂ ಇಲ್ಲ.

ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಾಗ ಮಾಸ್ಟರ್ ಮಗುವನ್ನು ಊಟಕ್ಕೆ ಕರೆದುಕೊಂಡು ಹೋದರು. ಅವಳು ಎದ್ದು ಅಳತೆ ಪುಸ್ತಕ ತೆರೆದಳು. ಕಿವಿಯ ಮೇಲಿನ ಪೆನ್ಸಿಲು ತೆಗೆದು, ಮೂವತ್ತಾರನ್ನು ಹೊಡೆದುಹಾಕಿ, ಪಕ್ಕದಲ್ಲಿ ಮೂವತ್ನಾಲ್ಕು ಎಂದು ಬರೆದಳು. ಆಮೇಲೆ ಅಡ್ಡಗೆರೆ ಎಳೆದಳು.