ಜವರಪ್ಪನ ಉಣ್ಣೆ ಕೋಟು

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದಾಗ ಕುಶಾಲನಗರದ ಹತ್ತಿರ ನಡೆದದ್ದಿದು. ಮಠದ ಗುರುಗಳಿಂದ ಭುಜಕ್ಕೆ ಶಂಖ ಚಕ್ರದ ಮುದ್ರೆ ಹಾಕಿಸಿಕೊಳ್ಳದೆ ಸತ್ತರೆ ವೈಕುಂಠವಿಲ್ಲವೆಂದು ಕೊರಗುತ್ತಲೇ ಜವರಪ್ಪ ತೀರಿಹೋಗಿದ್ದ. ಗುರುಗಳು ಊರಿಗೆ ಬಂದದ್ದು ಅವನ ತಿಥಿಯೂ ಮುಗಿದ ಮೇಲೆ. ಹೆಂಡತಿ ಚಲುವಮ್ಮ ಮನೆಗೆ ಬೀಗ ಹಾಕಿ, ಒಬ್ಬಳೇ ಹೋಗಿ ಹೋಮಕುಂಡದ ಮುಂದೆ ಕೂತಳು.

ಕೆಂಪಗೆ ಕಾದ ಚಕ್ರವನ್ನು ಗುರುಗಳು ಬಲಭುಜಕ್ಕೆ ಒತ್ತಿದರು. ಅವಳು ಹಲ್ಲು ಕಚ್ಚಿ ಕಾದಳು. ಉರಿಯಲಿಲ್ಲ. ಉಣ್ಣೆ ಸುಟ್ಟ ವಾಸನೆ ಮಾತ್ರ ಮೂಗಿಗೆ ಅಡರಿತು.

"ತಣ್ಣಗದೆ, ಬುದ್ಧಿ."

ಎಡಭುಜಕ್ಕೆ ಒತ್ತಿದ ಶಂಖವೂ ತಣ್ಣಗೇ ಇತ್ತು. ಚರ್ಮದ ಮೇಲೆ ಗುರುತೇ ಮೂಡಲಿಲ್ಲ.

"ಮನೆಗೆ ಹೋಗಮ್ಮ," ಎಂದು ಗುರುಗಳು ಮುದ್ರೆಗಳನ್ನು ಕೆಳಗಿಟ್ಟರು.

ಬೀಗ ತೆಗೆದು ಒಳಗೆ ಬಂದರೆ, ಜವರಪ್ಪನ ಉಣ್ಣೆ ಕೋಟು ಗೂಟದಲ್ಲೇ ನೇತಾಡುತ್ತಿತ್ತು. ಬಲಭುಜದಲ್ಲಿ ಚಕ್ರ, ಎಡಭುಜದಲ್ಲಿ ಶಂಖ ಸುಟ್ಟು ಕೂತಿದ್ದವು. ಚಲುವಮ್ಮ ಕೋಟಿನೊಳಗೆ ಕೈ ಹಾಕಿದಳು. ಅದು ಮೈಬಿಸಿಗೆ ಬೆಚ್ಚಗಿತ್ತು, ಬೆವರಿನಿಂದ ಒದ್ದೆಯಾಗಿತ್ತು.